ಎಲೀಯನ ಪ್ರಾರ್ಥನೆಯೂ ನಮ್ಮ ಪ್ರಾರ್ಥನೆಯೂ

(ಓದತಕ್ಕ ಭಾಗಗಳು: ಯಾಕೋಬನ ಪತ್ರಿಕೆ 5:13–18, 1 ಅರಸುಗಳು 17, 18 ಮತ್ತು 19ನೆಯ ಅಧ್ಯಾಯಗಳು)



ಪ್ರಾರ್ಥನೆಯ ವಿಷಯವಾಗಿ ನಮ್ಮ ಸಭೆಗಳಲ್ಲಿ ಕೇಳಿಬರುವ ಪ್ರಶ್ನೆಗಳಲ್ಲಿ ಅತಿ ಸಾಮಾನ್ಯವಾದದ್ದೂ ಅತಿ ಭಾರವಾದದ್ದೂ ಒಂದುಂಟು. ಅದೇನಂದರೆ: ನಾವು ಪ್ರಾರ್ಥಿಸಿದೆವು, ಆದರೂ ಆಗಲಿಲ್ಲ, ಯಾಕೆ? ಉಳುವ ಎತ್ತು ಸತ್ತಾಗ, ಬಿತ್ತಿದ ಮೇಲೆ ಮಳೆ ಹೋದಾಗ, ಮಗುವಿನ ಜ್ವರ ಇಳಿಯದೆ ಇರುವಾಗ ಈ ಪ್ರಶ್ನೆ ಬಾಯಿಗೆ ಬರುತ್ತದೆ; ಬಾಯಿಗೆ ಬಾರದಿದ್ದರೂ ಹೃದಯದಲ್ಲಿ ಇರುತ್ತದೆ. ಆಗ ನೆರೆಹೊರೆಯವರೂ ಸುಮ್ಮನಿರುವದಿಲ್ಲ. ನಿಮ್ಮ ಸ್ವಾಮಿ ಏನು ಮಾಡಿದನು? ಒಂದು ತಾಯತವನ್ನಾದರೂ ಕಟ್ಟಿಸಬಾರದೇ? ಹಿಂದೆ ನಿಮ್ಮ ಹಿರಿಯರು ಹೊತ್ತ ಹರಕೆಯನ್ನು ತೀರಿಸಿ ಬಾರಬಾರದೇ? ಎಂದು ಹೇಳುವರು. ಅವರು ಹಗೆಯಿಂದ ಹೇಳುವದಿಲ್ಲ. ಅನೇಕ ಸಾರಿ ಕನಿಕರದಿಂದಲೇ ಹೇಳುವರು. ಆದಕಾರಣ ಆ ಮಾತು ಇನ್ನೂ ಆಳವಾಗಿ ನಾಟುತ್ತದೆ. ಅಂಥ ರಾತ್ರಿಯಲ್ಲಿ ಒಂದು ಮನೆಯವರ ವಿಶ್ವಾಸವು ನಿಲ್ಲುವದೋ ಬೀಳುವದೋ ಎಂಬದು, ಅವರು ಪ್ರಾರ್ಥನೆಯನ್ನು ಏನೆಂದು ತಿಳಿದಿದ್ದಾರೆಂಬದನ್ನು ಬಹಳವಾಗಿ ಹೊಂದಿಕೊಂಡಿರುತ್ತದೆ. ಆದಕಾರಣ ಪ್ರಾರ್ಥನೆಯು ಯಾವದರಿಂದ ಬಲವುಳ್ಳದ್ದಾಗುತ್ತದೆಂಬದನ್ನು ಈ ತಿಂಗಳು ದೇವರ ವಾಕ್ಯದ ಬೆಳಕಿನಲ್ಲಿ ಶೋಧಿಸಿ ನೋಡೋಣ.

ಅಪೊಸ್ತಲನಾದ ಯಾಕೋಬನು ಪ್ರಾರ್ಥನೆಯ ಬಲವನ್ನು ಕುರಿತು ಬರೆಯುವಾಗ ಒಬ್ಬನನ್ನೇ ದೃಷ್ಟಾಂತವಾಗಿ ನಿಲ್ಲಿಸುತ್ತಾನೆ. ಅವನೇ ಎಲೀಯನು. ಅವನು ಬೇಡಿಕೊಂಡಾಗ ಮೂರು ವರುಷ ಆರು ತಿಂಗಳು ಮಳೆ ಬೀಳಲಿಲ್ಲ. ತಿರಿಗಿ ಬೇಡಿಕೊಂಡಾಗ ಆಕಾಶವು ಮಳೆಯನ್ನು ಸುರಿಸಿತು. ಮಳೆಯನ್ನೇ ನೋಡಿಕೊಂಡು ಬದುಕುವ ಒಕ್ಕಲುಮಕ್ಕಳಾದ ನಮಗೆ ಇದಕ್ಕಿಂತ ಹತ್ತಿರವಾದ ದೃಷ್ಟಾಂತ ಬೇರೆ ಯಾವದು? ಹೊಲದ ಬದುವಿನ ಮೇಲೆ ನಿಂತು ಪಡುವಣ ದಿಕ್ಕಿಗೆ ಮುಖವೆತ್ತಿ ಮೋಡವನ್ನು ಕಾದವನೇ ಈ ಕಥೆಯ ಅರ್ಥವನ್ನು ಚೆನ್ನಾಗಿ ಬಲ್ಲನು.

ಮೊದಲನೆಯದಾಗಿ, ಪ್ರಾರ್ಥನೆಯ ಬಲವು ಪ್ರಾರ್ಥಿಸುವವನ ದೊಡ್ಡತನದಲ್ಲಿಲ್ಲ, ಅವನ ಮಾತಿನ ಹೆಚ್ಚಳದಲ್ಲಿಯೂ ಇಲ್ಲ.

ಎಲೀಯನು ನಮ್ಮಂಥ ಸ್ವಭಾವವುಳ್ಳ ಮನುಷ್ಯನೇ ಆಗಿದ್ದನೆಂದು ಯಾಕೋಬನು ಬೇಕೆಂದೇ ತಿಳಿಸುತ್ತಾನೆ. ನಾವಾದರೋ ಎಲೀಯನು ಮಹಾ ಪ್ರವಾದಿ, ನಾವು ಯಾರು? ಎಂದು ಹಿಂದೆ ಸರಿಯುತ್ತೇವೆ. ಮನೆಯಲ್ಲಿ ಕಾಯಿಲೆ ಬಂದರೆ ಸಭಾಪಾಲಕರು ಬರಲಿ, ಉಪದೇಶಿಯು ಬರಲಿ, ಅವರ ಪ್ರಾರ್ಥನೆಯೇ ಸಲ್ಲುತ್ತದೆ ಎಂದು ಎಷ್ಟೋ ಮಂದಿ ಎಣಿಸುತ್ತಾರೆ. ಸಭೆಯ ಹಿರಿಯರನ್ನು ಕರೆಯುವದು ತಕ್ಕದ್ದೇ. ಅದನ್ನು ಯಾಕೋಬನೇ ಅಪ್ಪಣೆ ಮಾಡಿದ್ದಾನೆ. ಆದರೆ ಅವರ ಬಾಯಿಂದ ಬಂದರೆ ಮಾತ್ರ ದೇವರು ಕೇಳುವನೆಂದು ತಿಳಿಯುವದು ತಪ್ಪು. ಕರ್ಮೆಲ್ ಬೆಟ್ಟದ ಮೇಲೆ ಧೈರ್ಯದಿಂದ ನಿಂತ ಆ ಎಲೀಯನೇ ಈಜೆಬೆಲಳ ಬೆದರಿಕೆಗೆ ಅಂಜಿ ಓಡಿಹೋಗಿ, ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕಪ್ಪಾ ಈ ಜೀವ ಎಂದು ಬೇಸತ್ತುಕೊಂಡನು. ದಣಿಯುವವನು, ಹಸಿಯುವವನು, ಅಂಜುವವನು, ಮನಗುಂದುವವನು; ಅಂಥವನ ಮೊರೆಯನ್ನೇ ದೇವರು ಕೇಳಿದನು. ಹಾಗಾದರೆ ಕೂಲಿ ಮಾಡಿ ಸಂಜೆಗೆ ಮನೆಗೆ ಬರುವ ನಮ್ಮ ಸಹೋದರಿಯ ಮೊರೆಯನ್ನು ಆತನು ಕೇಳನೋ?

ಮಾತಿನ ಹೆಚ್ಚಳವೂ ಪ್ರಾರ್ಥನೆಗೆ ಬಲ ಕೊಡುವದಿಲ್ಲ. ಕರ್ಮೆಲಿನ ಮೇಲೆ ಬಾಳನ ಪ್ರವಾದಿಗಳು 450 ಮಂದಿ ಇದ್ದರು. ಮೋಡ, ಸಿಡಿಲು, ಮಳೆ ಇವುಗಳಿಗೆ ಬಾಳನೇ ಒಡೆಯನೆಂದು ಕಾನಾನ್ ದೇಶದವರು ನಂಬಿದ್ದರು. ಆ ಪ್ರವಾದಿಗಳು ಹೊತ್ತಾರೆಯಿಂದ ಮಧ್ಯಾಹ್ನದ ವರೆಗೂ ಅವನ ಹೆಸರನ್ನು ಕೂಗಿದರು, ಬಲಿಪೀಠದ ಸುತ್ತಲೂ ಕುಣಿದರು, ಕತ್ತಿಗಳಿಂದ ತಮ್ಮನ್ನು ಗಾಯಮಾಡಿಕೊಂಡು ನೆತ್ತರು ಸುರಿಸಿದರು, ಸಂಜೆಯ ಬಲಿಯ ಹೊತ್ತಿನ ವರೆಗೂ ಬಿಡಲಿಲ್ಲ. ಅವರಲ್ಲಿ ಶ್ರದ್ಧೆ ಕಡಿಮೆಯಾಗಿತ್ತೆಂದು ಯಾರೂ ಹೇಳಲಾರರು. ಎಲೀಯನಾದರೋ ಕೆಲವೇ ಮಾತುಗಳಲ್ಲಿ ಬೇಡಿಕೊಂಡನು. ಇಸ್ರಾಯೇಲಿನಲ್ಲಿ ಕರ್ತನೇ ದೇವರೆಂದು ಜನರು ತಿಳಿಯಬೇಕು, ಅವರ ಹೃದಯವು ತಿರುಗಬೇಕು ಎಂಬದೇ ಅದರ ಸಾರ. ಅಷ್ಟರಲ್ಲಿ ಬೆಂಕಿ ಇಳಿಯಿತು. ಕಾರಣವೇನು? ಅವರು ಕೂಗಿದ ಕಡೆಯಲ್ಲಿ ಕೇಳುವವನು ಇರಲಿಲ್ಲ; ಎಲೀಯನು ಮಾತಾಡಿದ ಕಡೆಯಲ್ಲಿ ಕೇಳುವವನಿದ್ದನು. ಇಷ್ಟೇ ಭೇದ.

ನಮ್ಮಲ್ಲಿ ಕೆಲವರು ಕ್ರಿಸ್ತನ ಸಭೆಗೆ ಬಂದ ಮೇಲೆಯೂ ಪ್ರಾರ್ಥನೆಯನ್ನು ಮಂತ್ರದ ಹಾಗೆ ಎಣಿಸುತ್ತಾರೆ. ಕರ್ತನು ಕಲಿಸಿದ ಪ್ರಾರ್ಥನೆಯನ್ನು ಇಷ್ಟು ಸಾರಿ ಹೇಳಿದರೆ ಇಷ್ಟು ಫಲ ಎಂದು ಲೆಕ್ಕ ಹಾಕುತ್ತಾರೆ. ಮಂತ್ರದಲ್ಲಿ ಅಕ್ಷರ ತಪ್ಪಿದರೆ ಕೆಟ್ಟಿತು, ಪ್ರಾರ್ಥನೆಯಲ್ಲಿ ಹಾಗಲ್ಲ. ತೊದಲುವ ಮಗುವಿನ ಮಾತು ಊರಿಗೆಲ್ಲಾ ತಿಳಿಯದಿದ್ದರೂ ತಾಯಿಗೆ ತಿಳಿಯುವದಿಲ್ಲವೇ? ಬೇಡಿಕೊಳ್ಳಬೇಕಾದ ಪ್ರಕಾರ ನಮಗೆ ತಿಳಿಯದಿರುವಾಗ ಪವಿತ್ರಾತ್ಮನು ತಾನೇ ನಮ್ಮ ನಿಟ್ಟುಸಿರನ್ನು ಬೇಡಿಕೆಯನ್ನಾಗಿ ಮಾಡಿ ತಂದೆಗೆ ಮುಟ್ಟಿಸುತ್ತಾನೆಂದು ಪೌಲನು ರೋಮಾಪುರದವರಿಗೆ ಬರೆದಿದ್ದಾನೆ.

ಇನ್ನು ಕೆಲವರು ಪ್ರಾರ್ಥನೆಯನ್ನು ಹರಕೆಯ ಹಾಗೆ ಮಾಡುತ್ತಾರೆ: ಎಮ್ಮೆ ಬದುಕಿದರೆ ಗುಡಿಗೆ ಕೊಡುತ್ತಿದ್ದದ್ದನ್ನು ಈಗ ದೇವಾಲಯದ ಕಾಣಿಕೆ ಚೀಲಕ್ಕೆ ಹಾಕುತ್ತೇನೆ, ಬದುಕದಿದ್ದರೆ ಏನೂ ಇಲ್ಲ. ಇದು ಪ್ರಾರ್ಥನೆಯಲ್ಲ, ಸಂತೆಯ ವ್ಯಾಪಾರ. ಹನ್ನಳು ಹರಕೆ ಮಾಡಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಮಾಡಿದಳು ನಿಜ. ಆದರೆ ಅವಳು ದೇವರಿಗೆ ಬೆಲೆ ಕಟ್ಟಲಿಲ್ಲ. ಆತನು ಕೊಡುವ ಮಗನನ್ನೇ ಆತನ ಸೇವೆಗೆ ತಿರಿಗಿ ಒಪ್ಪಿಸುವೆನೆಂದು ಹೇಳಿದಳು. ತನಗಾಗಿ ಇಟ್ಟುಕೊಳ್ಳುವದಕ್ಕಲ್ಲ, ಆತನಿಗೆ ಕೊಡುವದಕ್ಕೆ ಬೇಡಿದಳು. ಈ ಭೇದವನ್ನು ಮರೆಯಬಾರದು.

ಎರಡನೆಯದಾಗಿ, ದೇವರ ವಾಗ್ದಾನದ ಮೇಲೆ ನಿಂತ ಪ್ರಾರ್ಥನೆಯು ಬಲವುಳ್ಳದ್ದು.

ಮಳೆ ನಿಲ್ಲಲಿ ಎಂದು ಎಲೀಯನು ಬೇಡಿಕೊಂಡದ್ದು ತನ್ನ ಸ್ವಂತ ಸಿಟ್ಟಿನಿಂದಲ್ಲ. ಇಸ್ರಾಯೇಲ್ಯರು ಬೇರೆ ದೇವರುಗಳ ಕಡೆಗೆ ತಿರುಗಿದರೆ ಆಕಾಶವು ಮುಚ್ಚಲ್ಪಟ್ಟು ಭೂಮಿಯು ಬೆಳೆ ಕೊಡದೆ ಹೋಗುವದೆಂದು ಧರ್ಮೋಪದೇಶಕಾಂಡದ 11ನೆಯ ಅಧ್ಯಾಯದಲ್ಲಿ ಮೋಶೆಯ ಮುಖಾಂತರ ಮುಂಚೆಯೇ ಹೇಳಲ್ಪಟ್ಟಿತ್ತು. ಆ ವಾಕ್ಯವನ್ನು ಹಿಡಿದೇ ಪ್ರವಾದಿಯು ಬೇಡಿದನು. ಮಳೆ ಬರಲಿ ಎಂದು ಬೇಡಿದ್ದೂ ಹಾಗೆಯೇ. 18ನೆಯ ಅಧ್ಯಾಯದ ಮೊದಲನೆಯ ವಚನದಲ್ಲಿ, ತಾನು ದೇಶಕ್ಕೆ ಮಳೆಯನ್ನು ಕಳುಹಿಸುವೆನೆಂದು ಕರ್ತನೇ ಅವನಿಗೆ ತಿಳಿಸಿದನು. ಹಾಗಾದರೆ ಇನ್ನೂ ಪ್ರಾರ್ಥಿಸುವದು ಯಾಕೆ? ದೇವರು ಹೇಳಿಬಿಟ್ಟನಲ್ಲಾ, ಸುಮ್ಮನೆ ಕೂತರೆ ಸಾಲದೇ? ಎಂದು ನಾವು ಕೇಳಬಹುದು. ಎಲೀಯನು ಹಾಗೆ ಎಣಿಸಲಿಲ್ಲ. ವಾಗ್ದಾನವು ಪ್ರಾರ್ಥನೆಯನ್ನು ನಿಲ್ಲಿಸುವದಕ್ಕೆ ಕೊಡಲ್ಪಟ್ಟದ್ದಲ್ಲ, ಎಬ್ಬಿಸುವದಕ್ಕೆ ಕೊಡಲ್ಪಟ್ಟದ್ದು. ಸಾಹುಕಾರನು ಪತ್ರ ಬರೆದುಕೊಟ್ಟಿದ್ದರೆ ನಾವು ಆ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಹಸಿದುಕೊಂಡಿರುತ್ತೇವೋ? ಅದನ್ನು ಕೈಯಲ್ಲಿ ಹಿಡಿದು ಅವನ ಬಾಗಲಿಗೆ ಹೋಗುತ್ತೇವೆ.

ಆದಕಾರಣ ದೇವರ ವಾಕ್ಯವನ್ನು ಬಲ್ಲವನೇ ಧೈರ್ಯದಿಂದ ಪ್ರಾರ್ಥಿಸಬಲ್ಲನು. ಆತನ ಚಿತ್ತಕ್ಕೆ ಸರಿಯಾಗಿ ಬೇಡಿಕೊಂಡದ್ದನ್ನು ಆತನು ಕೇಳುತ್ತಾನೆಂಬ ಭರವಸವನ್ನು ಯೋಹಾನನು ತನ್ನ ಮೊದಲನೆಯ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಕೊಡುತ್ತಾನೆ. ಆತನ ಚಿತ್ತವೇನೆಂದು ತಿಳಿಯುವದು ಎಲ್ಲಿ? ಸತ್ಯವೇದದಲ್ಲಿಯೇ. ಈ ವೇದವು ನಮ್ಮ ಭಾಷೆಯಲ್ಲಿ ನಮಗೆ ಸುಮ್ಮನೆ ದೊರಕಲಿಲ್ಲ. ಲಂಡನ್ ಮಿಶನಿನ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡವನ್ನು ಕಲಿತು ಭಾಷಾಂತರದ ಕೆಲಸವನ್ನು ಕೈಕೊಂಡರು. ಇಡೀ ಸತ್ಯವೇದವು ಕನ್ನಡದಲ್ಲಿ ಅಚ್ಚಾಗಿ ಮುಗಿದದ್ದು 1831ರಲ್ಲಿ. ಇಪ್ಪತ್ತು ವರುಷಗಳ ಪ್ರಯಾಸ. ಹೀಗೆ ದೊರಕಿದ ಪುಸ್ತಕವು ಗೂಡಿನಲ್ಲಿ ಧೂಳು ಹಿಡಿದಿರುವಾಗ ನಮ್ಮ ಪ್ರಾರ್ಥನೆಯು ಬಲಹೀನವಾಗಿರುವದು ಏನು ಆಶ್ಚರ್ಯ? ಓದು ಬಾರದವರು ದುಃಖಪಡಬೇಕಾದದ್ದಿಲ್ಲ. ಭಾನುವಾರ ಕೇಳಿದ ಒಂದು ವಚನವನ್ನು ಮನಸ್ಸಿನಲ್ಲಿ ಕಟ್ಟಿಕೊಂಡು, ವಾರವೆಲ್ಲಾ ಬೀಸುವಾಗಲೂ ಕಳೆ ಕೀಳುವಾಗಲೂ ಅದನ್ನೇ ಹಿಡಿದು ಬೇಡಿಕೊಳ್ಳಬಹುದು. ಮನೆಯಲ್ಲಿ ಶಾಲೆಗೆ ಹೋಗುವ ಮಗು ಇದ್ದರೆ ಅದರಿಂದ ದಿನಕ್ಕೆ ಹತ್ತು ವಚನ ಓದಿಸಿ ಕೇಳಬಹುದು.

ಮೂರನೆಯದಾಗಿ, ಮುರಿದ ಬಲಿಪೀಠವನ್ನು ಸರಿಮಾಡಿದ ಮೇಲೆ ಮಾಡುವ ಪ್ರಾರ್ಥನೆಯು ಬಲವುಳ್ಳದ್ದು.

ಕರ್ಮೆಲಿನ ಮೇಲೆ ಎಲೀಯನು ಮೊದಲು ಮಾಡಿದ್ದೇನು? ಅಲ್ಲಿ ಕೆಡವಲ್ಪಟ್ಟಿದ್ದ ಕರ್ತನ ಬಲಿಪೀಠವನ್ನು ಸರಿಮಾಡಿದನು. ಹನ್ನೆರಡು ಗೋತ್ರಗಳ ಲೆಕ್ಕದ ಪ್ರಕಾರ ಹನ್ನೆರಡು ಕಲ್ಲುಗಳನ್ನು ತೆಗೆದುಕೊಂಡು ಕಟ್ಟಿದನು. ಆ ಕಾಲದಲ್ಲಿ ಇಸ್ರಾಯೇಲ್ಯರು ಎರಡು ರಾಜ್ಯಗಳಾಗಿ ಒಡೆದು ಒಬ್ಬರನ್ನೊಬ್ಬರು ಹಗೆಮಾಡಿದ್ದರು. ಎಲೀಯನು ಹತ್ತು ಕಲ್ಲುಗಳಿಂದ ಕಟ್ಟಲಿಲ್ಲ, ಹನ್ನೆರಡರಿಂದಲೇ ಕಟ್ಟಿದನು. ಮೊದಲು ಬಲಿಪೀಠ, ಆ ಮೇಲೆ ಬೆಂಕಿ, ಆ ಮೇಲೆ ಮಳೆ. ಈ ಕ್ರಮವನ್ನು ನಾವು ಹಿಂದುಮುಂದು ಮಾಡುತ್ತೇವೆ. ಬಲಿಪೀಠವು ಬಿದ್ದೇ ಇರಲಿ, ಮಳೆ ಮಾತ್ರ ಬರಲಿ ಎನ್ನುತ್ತೇವೆ.

ಒಂದು ಮನೆಯನ್ನು ಎಣಿಸಿಕೊಳ್ಳಿರಿ. ಅಣ್ಣತಮ್ಮಂದಿರು ಇಬ್ಬರು ಪಾಲಾಗಿದ್ದಾರೆ. ನಡುವಿನ ಬದುವನ್ನು ಒಬ್ಬನು ಒಂದು ಸಾಲಿನಷ್ಟು ಒತ್ತಿ ಉತ್ತನು. ಮಾತಿಗೆ ಮಾತು ಬೆಳೆದು ಎರಡು ಮನೆಗಳ ಹೆಂಗಸರು ಒಂದೇ ಬಾವಿಗೆ ಹೋಗುವದನ್ನು ಬಿಟ್ಟರು. ಭಾನುವಾರ ಇಬ್ಬರೂ ದೇವಾಲಯಕ್ಕೆ ಬರುತ್ತಾರೆ. ಒಬ್ಬನು ಈ ಗೋಡೆಗೆ, ಒಬ್ಬನು ಆ ಗೋಡೆಗೆ ಕೂಡ್ರುತ್ತಾನೆ. ಇಬ್ಬರೂ ಮಳೆಗಾಗಿ ಬೇಡುತ್ತಾರೆ. ಆ ಮಳೆ ಒಂದೇ ಮೋಡದಿಂದ ಇಬ್ಬರ ಹೊಲದ ಮೇಲೂ ಬೀಳಬೇಕಲ್ಲವೇ? ದೇವರ ಮುಂದೆ ಒಟ್ಟಾಗಿ ಬೇಡುತ್ತಾ ಒಬ್ಬರ ಮುಖವನ್ನೊಬ್ಬರು ನೋಡಲಾರದವರ ಬೇಡಿಕೆಯನ್ನು ಆತನು ಏನೆಂದು ತಿಳಿಯಬೇಕು? ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನ ಸಂಗಡ ಒಂದಾಗಬೇಕೆಂಬದು ನಮ್ಮ ಕರ್ತನ ಅಪ್ಪಣೆ. ಬೇಡಲಿಕ್ಕೆ ನಿಂತಾಗ ಯಾರ ಮೇಲೆ ಏನಿದ್ದರೂ ಕ್ಷಮಿಸಬೇಕೆಂದು ಮಾರ್ಕನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ ಆತನೇ ಹೇಳಿದ್ದಾನೆ. ಹೆಂಡತಿಗೆ ಮಾನವನ್ನು ಸಲ್ಲಿಸದ ಗಂಡನ ಪ್ರಾರ್ಥನೆಗೆ ಅಡ್ಡಿ ಬರುವದೆಂದು ಪೇತ್ರನು ಎಚ್ಚರಿಸುತ್ತಾನೆ. ಹಗಲೆಲ್ಲಾ ಹೆಂಡತಿಯನ್ನು ಬೈದು ಹೊಡೆದು ರಾತ್ರಿ ಮೊಣಕಾಲೂರುವವನು ಈ ಮಾತನ್ನು ಎರಡು ಸಾರಿ ಓದಲಿ. ಕುಡಿತಕ್ಕೆ ಕೂಲಿಯನ್ನೆಲ್ಲಾ ಸುರಿದು, ಅನುದಿನದ ರೊಟ್ಟಿಯನ್ನು ಕೊಡು ಎಂದು ಬೇಡುವವನೂ ಓದಲಿ. ಕರ್ತನ ಕೈ ಮೋಟಾದದ್ದಲ್ಲ, ಆತನ ಕಿವಿ ಮಂದವಾದದ್ದಲ್ಲ. ನಡುವೆ ಗೋಡೆಯನ್ನು ಕಟ್ಟಿದವರು ನಾವೇ ಎಂಬದು ಯೆಶಾಯನ 59ನೆಯ ಅಧ್ಯಾಯದ ಬೋಧನೆ.

ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಯಾವನ ಮನೆಯಲ್ಲಿಯಾದರೂ ಪ್ರಾರ್ಥನೆ ನೆರವೇರದೆ ಹೋದಾಗ, ಅಲ್ಲಿ ಏನೋ ಪಾಪವಿದೆ ಎಂದು ಬೆರಳು ತೋರಿಸುವದು ನಮ್ಮ ಕೆಲಸವಲ್ಲ. ಹುಟ್ಟುಕುರುಡನನ್ನು ಕಂಡು ಇವನ ಪಾಪವೋ ಇವನ ತಂದೆತಾಯಿಗಳ ಪಾಪವೋ ಎಂದು ಕೇಳಿದ ಶಿಷ್ಯರಿಗೆ, ಎರಡೂ ಅಲ್ಲವೆಂದು ಕರ್ತನು ಉತ್ತರ ಕೊಟ್ಟನು. ಬಲಿಪೀಠದ ಮಾತನ್ನು ಪ್ರತಿಯೊಬ್ಬನು ತನಗೆ ತಾನೇ ಹೇಳಿಕೊಳ್ಳಲಿ. ದುಃಖದಲ್ಲಿರುವ ನೆರೆಯವನಿಗೆ ಹೇಳಬಾರದು.

ನಾಲ್ಕನೆಯದಾಗಿ, ಬೇಸರಗೊಳ್ಳದೆ ಮಾಡುವ ಪ್ರಾರ್ಥನೆಯು ಬಲವುಳ್ಳದ್ದು.

ಬೆಂಕಿಯು ಕೂಡಲೇ ಇಳಿಯಿತು. ಮಳೆಯಾದರೋ ಕೂಡಲೇ ಬರಲಿಲ್ಲ. ಅಹಾಬನು ಉಣ್ಣುವದಕ್ಕೂ ಕುಡಿಯುವದಕ್ಕೂ ಹೋದನು. ಎಲೀಯನು ಬೆಟ್ಟದ ತುದಿಗೆ ಹೋಗಿ ನೆಲಕ್ಕೆ ಬಾಗಿ ಮುಖವನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡನು. ಸಮುದ್ರದ ಕಡೆಗೆ ನೋಡಿ ಬಾ ಎಂದು ಆಳನ್ನು ಕಳುಹಿಸಿದನು. ಏನೂ ಇಲ್ಲ ಎಂಬ ಸುದ್ದಿ ಬಂತು. ಏಳು ಸಾರಿ ಕಳುಹಿಸಿದನು. ಆರು ಸಾರಿ ಬರಿದಾದ ಆಕಾಶವನ್ನು ಕಂಡು ಬಂದ ಆಳಿನ ಮಾತನ್ನು ಕೇಳುವದು ಹೇಗಿದ್ದೀತು! ಏಳನೆಯ ಸಾರಿ ಮನುಷ್ಯನ ಅಂಗೈಯಷ್ಟು ಚಿಕ್ಕ ಮೋಡವೊಂದು ಕಂಡಿತು. ನಾವಾಗಿದ್ದರೆ ಎರಡನೆಯ ಸಾರಿಗೇ ಬೆಟ್ಟದಿಂದ ಇಳಿದುಬಿಡುತ್ತಿದ್ದೆವು. ಆರಕ್ಕೂ ಏಳಕ್ಕೂ ನಡುವೆ ಬಿಟ್ಟುಬಿಟ್ಟ ಪ್ರಾರ್ಥನೆಗಳು ನಮ್ಮಲ್ಲಿ ಎಷ್ಟಿವೆಯೋ ದೇವರೇ ಬಲ್ಲನು. ಅನ್ಯಾಯಗಾರನಾದ ನ್ಯಾಯಾಧಿಪತಿಯನ್ನು ಬಿಡದೆ ಕಾಡಿದ ವಿಧವೆಯ ಸಾಮ್ಯವನ್ನು ಕರ್ತನು ಹೇಳಿದ್ದು ಇದಕ್ಕಾಗಿಯೇ.

ಅಂಗೈಯಷ್ಟು ಮೋಡ ಕಂಡಾಗಲೇ ಎಲೀಯನು ರಥವನ್ನು ಹೂಡಿಕೊಂಡು ಇಳಿದುಹೋಗೆಂದು ಅರಸನಿಗೆ ಹೇಳಿ ಕಳುಹಿಸಿದನು. ತಾನೂ ನಡುಕಟ್ಟಿಕೊಂಡು ಎದ್ದನು. ಪ್ರಾರ್ಥಿಸಿದವನು ಕೈಕಟ್ಟಿ ಕೂಡ್ರಲಿಲ್ಲ. ನೆಹೆಮೀಯನೂ ಅವನ ಜನರೂ ದೇವರಿಗೆ ಪ್ರಾರ್ಥಿಸಿ ಹಗಲಿರುಳು ಕಾವಲನ್ನೂ ಇಟ್ಟರು. ಹಾಗಾದರೆ ಕಾಯಿಲೆಯವನಿಗಾಗಿ ಪ್ರಾರ್ಥಿಸುವೆವು, ಆಸ್ಪತ್ರೆಗೆ ಒಯ್ಯುವದಿಲ್ಲ ಎಂಬದು ವಿಶ್ವಾಸವಲ್ಲ. ಪ್ರಾರ್ಥಿಸುವ ಹಿರಿಯರು ಕಾಯಿಲೆಯವನಿಗೆ ಎಣ್ಣೆಯನ್ನೂ ಹಚ್ಚಲೆಂದು ಯಾಕೋಬನು ಹೇಳುತ್ತಾನೆ. ಆ ಕಾಲದಲ್ಲಿ ಎಣ್ಣೆಯು ಔಷಧವೂ ಆಗಿತ್ತು. ಹಾವು ಕಚ್ಚಿದವನನ್ನು ಮನೆಯಲ್ಲಿಟ್ಟುಕೊಂಡು ಪ್ರಾರ್ಥಿಸುತ್ತಾ ಹೊತ್ತು ಕಳೆಯಬೇಡಿರಿ. ಅವನನ್ನು ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿಯೇ ಪ್ರಾರ್ಥಿಸಿರಿ. ವೈದ್ಯನ ಕೈಯೂ ದೇವರ ದಾನವೇ.

ಪ್ರಶ್ಯ ದೇಶದಲ್ಲಿ 1805ರಲ್ಲಿ ಹುಟ್ಟಿ ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದಲ್ಲಿ ಸೇವೆ ಮಾಡಿದ ಜಾರ್ಜ್ ಮ್ಯೂಲರ್ ಎಂಬವರ ಜೀವಿತದಿಂದಲೂ ಇದನ್ನು ಕಲಿಯಬಹುದು. ಅವರು 1836ರಲ್ಲಿ ಅನಾಥಮಕ್ಕಳಿಗಾಗಿ ಒಂದು ಮನೆಯನ್ನು ತೆರೆದರು. ಯಾವ ಮನುಷ್ಯನ ಹತ್ತಿರವೂ ಹಣ ಕೇಳದೆ ದೇವರಿಗೆ ಮಾತ್ರ ತಿಳಿಸುವದೆಂದು ನಿಶ್ಚಯಿಸಿಕೊಂಡರು. 1898ರಲ್ಲಿ ಅವರು ತೀರಿಹೋಗುವದರೊಳಗೆ ಸುಮಾರು 10,000 ಮಕ್ಕಳು ಅವರ ಆಶ್ರಯದಲ್ಲಿ ಬೆಳೆದಿದ್ದರು. 1857ರ ಚಳಿಗಾಲದ ಆರಂಭದಲ್ಲಿ, 300 ಮಕ್ಕಳಿದ್ದ ಮನೆಯನ್ನು ಬೆಚ್ಚಗಿಡುವ ದೊಡ್ಡ ಹಂಡೆಯು ಸೋರಲಾರಂಭಿಸಿತು. ರಿಪೇರಿ ಮಾಡಬೇಕಾದರೆ ಬೆಂಕಿಯನ್ನು ಆರಿಸಬೇಕಾಗಿತ್ತು. ಅದಕ್ಕೆ ದಿನವನ್ನು ಗೊತ್ತುಮಾಡಿದ ಮೇಲೆ ಕೊರೆಯುವ ಬಡಗಣ ಗಾಳಿ ಬೀಸತೊಡಗಿತು. ಮ್ಯೂಲರರು ಎರಡನ್ನು ಬೇಡಿಕೊಂಡರು: ಗಾಳಿಯು ತೆಂಕಣದಿಂದ ಬೀಸಬೇಕು, ನೆಹೆಮೀಯನ ಕಾಲದವರ ಹಾಗೆ ಕೆಲಸಗಾರರಿಗೆ ದುಡಿಯುವ ಮನಸ್ಸು ಬರಬೇಕು. ಹಿಂದಿನ ಸಂಜೆಯ ವರೆಗೂ ಬಡಗಣ ಗಾಳಿಯೇ ಇತ್ತು. ಗೊತ್ತಾದ ದಿನ ಗಾಳಿಯು ತೆಂಕಣಕ್ಕೆ ತಿರುಗಿ ಬೆಚ್ಚಗಾಯಿತು. ಕೆಲಸಗಾರರು ತಾವಾಗಿಯೇ ರಾತ್ರಿಯೆಲ್ಲಾ ದುಡಿಯಲು ಒಪ್ಪಿದರು. ಇದರಲ್ಲಿ ನಾವು ನೋಡತಕ್ಕದ್ದೇನಂದರೆ, ಗಾಳಿಗಾಗಿ ಬೇಡಿದವರು ಕೆಲಸಗಾರರನ್ನೂ ಕರೆಸಿದ್ದರು. ಹಂಡೆಯು ತಾನಾಗಿ ಸರಿಯಾಗಲಿ ಎಂದು ಅವರು ಕೇಳಲಿಲ್ಲ.

ಐದನೆಯದಾಗಿ, ಕೂಡಿ ಮಾಡುವ ಪ್ರಾರ್ಥನೆಯು ಬಲವುಳ್ಳದ್ದು.

ಒಬ್ಬರಿಗಾಗಿ ಒಬ್ಬರು ಬೇಡಿಕೊಳ್ಳಬೇಕೆಂಬದೇ ಯಾಕೋಬನ ಆಜ್ಞೆ. ಇಬ್ಬರು ಒಮ್ಮನಸ್ಸಾಗಿ ಬೇಡಿದ್ದಕ್ಕೆ ನಮ್ಮ ಕರ್ತನು ವಾಗ್ದಾನ ಕೊಟ್ಟಿದ್ದಾನೆ. ಜರ್ಮನಿ ದೇಶದ ಹೆರ್ನ್‌ಹುಟ್ ಎಂಬದು ಒಂದು ಚಿಕ್ಕ ಊರು. ಮತದ ನಿಮಿತ್ತ ಹಿಂಸೆಪಟ್ಟು ಮೊರಾವ್ಯ ದೇಶದಿಂದ ಓಡಿಬಂದವರು ಅಲ್ಲಿ ನೆಲೆಗೊಂಡಿದ್ದರು. ಅವರಲ್ಲಿಯೂ ಜಗಳಗಳೆದ್ದು ಸಭೆಯು ಒಡೆಯುವ ಹಾಗಾಗಿತ್ತು. 1727ರ ಬೇಸಿಗೆಯಲ್ಲಿ ಅವರು ಒಬ್ಬರಿಗೊಬ್ಬರು ಕ್ಷಮಿಸಿ ಒಂದಾದರು. ಅದೇ ವರುಷದ ಆಗಸ್ಟ್ ತಿಂಗಳಲ್ಲಿ 24 ಗಂಡಸರೂ 24 ಹೆಂಗಸರೂ ದಿನದ 24 ತಾಸುಗಳನ್ನು ತಮ್ಮೊಳಗೆ ಹಂಚಿಕೊಂಡು ಎಡೆಬಿಡದೆ ಪ್ರಾರ್ಥಿಸತೊಡಗಿದರು. ಆ ಪ್ರಾರ್ಥನೆಯ ಸರಪಣಿಯು ನೂರು ವರುಷಗಳ ಕಾಲ ನಡೆಯಿತೆಂದು ಆ ಸಭೆಯ ಚರಿತ್ರೆಯು ಹೇಳುತ್ತದೆ. 1732ರಲ್ಲಿ ಅವರೊಳಗಿಂದ ಇಬ್ಬರು ದೂರದ ಸೇಂಟ್ ಥಾಮಸ್ ದ್ವೀಪದ ಗುಲಾಮರಿಗೆ ಸುವಾರ್ತೆಯನ್ನು ಸಾರಲು ಹೊರಟರು. ಒಬ್ಬನು ಕುಂಬಾರ, ಇನ್ನೊಬ್ಬನು ಬಡಗಿ. ನೋಡಿರಿ, ಮೊದಲು ಒಡಕು ಸರಿಯಾಯಿತು, ಆ ಮೇಲೆ ಪ್ರಾರ್ಥನೆ ಎದ್ದಿತು, ಆ ಮೇಲೆ ಸೇವಕರು ಹೊರಟರು. ಕರ್ಮೆಲಿನ ಕ್ರಮವೇ ಇಲ್ಲಿಯೂ ಉಂಟು. ನಮ್ಮ ಚಿಕ್ಕ ಸಭೆಯಲ್ಲಿ ಹತ್ತೇ ಮನೆಗಳಿರಬಹುದು. ಹತ್ತು ಮನೆಗಳು ವಾರದ ದಿನಗಳನ್ನು ಹಂಚಿಕೊಂಡು ಒಬ್ಬರಿಗಾಗಿ ಒಬ್ಬರು ಹೆಸರು ಹಿಡಿದು ಬೇಡಿಕೊಳ್ಳಲಾರವೋ?

ಕಡೆಯದಾಗಿ, ದೇವರು ಬೇಡವೆಂದಾಗ ಆತನ ಕೈಯನ್ನು ಬಿಡದ ಪ್ರಾರ್ಥನೆಯೇ ಎಲ್ಲಕ್ಕಿಂತ ಬಲವುಳ್ಳದ್ದು.

ಈಗ ನಾವು ಆರಂಭದ ಪ್ರಶ್ನೆಗೆ ಬರೋಣ. ವಾಗ್ದಾನವನ್ನು ಹಿಡಿದು, ಬಲಿಪೀಠವನ್ನು ಸರಿಮಾಡಿ, ಏಳು ಸಾರಿ ಬೇಡಿದ ಮೇಲೆಯೂ ಮಗು ತೀರಿಹೋಯಿತು. ಆಗ ಏನು ಹೇಳೋಣ?

ಎಲೀಯನನ್ನೇ ತಿರಿಗಿ ನೋಡೋಣ. ಅವನ ಮೊರೆಗೆ ಚಾರೆಪ್ತದ ವಿಧವೆಯ ಮಗನು ಜೀವದಿಂದ ಎದ್ದನು, ಬೆಂಕಿ ಇಳಿಯಿತು, ಮಳೆ ಸುರಿಯಿತು. ಆದರೆ ಅವನು ಅತಿ ದುಃಖದಿಂದ ಬೇಡಿದ ಒಂದು ಪ್ರಾರ್ಥನೆಯು ನೆರವೇರಲಿಲ್ಲ. ಅಡವಿಯ ಗಿಡದ ಕೆಳಗೆ ತನಗೆ ಮರಣ ಬರಲಿ ಎಂದು ಬೇಡಿದನು. ದೇವರು ಆ ಬೇಡಿಕೆಯನ್ನು ಕೊಡಲಿಲ್ಲ. ಗದರಿಸಲೂ ಇಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ಕೊಟ್ಟು, ಮಲಗಗೊಟ್ಟು, ಎಬ್ಬಿಸಿ, ಹೊರೇಬ್ ಬೆಟ್ಟದ ವರೆಗೂ ನಡಿಸಿ, ಮೆಲ್ಲನೆಯ ಸ್ವರದಿಂದ ಅವನ ಸಂಗಡ ಮಾತಾಡಿದನು. ಸಾಯಬೇಕೆಂದು ಬೇಡಿದ ಅವನೇ ಮರಣವನ್ನು ನೋಡದೆ ಪರಲೋಕಕ್ಕೆ ಎತ್ತಲ್ಪಟ್ಟನು. ಅವನು ಬೇಡಿದ್ದನ್ನು ಆ ದಿನವೇ ಕೊಟ್ಟಿದ್ದರೆ ದೇವರು ಅವನಿಗಾಗಿ ಇಟ್ಟಿದ್ದ ಅಗ್ನಿರಥವೆಲ್ಲಿ?

ಪೌಲನು ತನ್ನ ಶರೀರದ ಮುಳ್ಳನ್ನು ತೆಗೆಯಬೇಕೆಂದು ಮೂರು ಸಾರಿ ಬೇಡಿದನು. ಮುಳ್ಳು ಹೋಗಲಿಲ್ಲ, ತಾಳುವದಕ್ಕೆ ಸಾಕಾದ ಕೃಪೆ ಬಂತು. ದಾವೀದನು ಏಳು ದಿನ ನೆಲದ ಮೇಲೆ ಬಿದ್ದುಕೊಂಡು ಉಪವಾಸವಿದ್ದು ತನ್ನ ಮಗುವಿಗಾಗಿ ಬೇಡಿದನು, ಮಗು ತೀರಿಹೋಯಿತು. ಅವನು ಎದ್ದು, ಮುಖ ತೊಳೆದು, ದೇವರ ಮಂದಿರಕ್ಕೆ ಹೋಗಿ ಅಡ್ಡಬಿದ್ದನು. ಮಗು ತನ್ನ ಬಳಿಗೆ ಬಾರದಿದ್ದರೂ ತಾನು ಅದರ ಬಳಿಗೆ ಹೋಗುವೆನೆಂದು ಹೇಳಿದನು. ಅಪೊಸ್ತಲರ ಕೃತ್ಯಗಳ 12ನೆಯ ಅಧ್ಯಾಯದಲ್ಲಿ ಹೆರೋದನು ಯೋಹಾನನ ಅಣ್ಣನಾದ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದನು. ಪೇತ್ರನನ್ನು ದೇವದೂತನು ಸೆರೆಯಿಂದ ಬಿಡಿಸಿದನು. ಇಬ್ಬರೂ ಕರ್ತನಿಗೆ ಪ್ರಿಯರೇ, ಇಬ್ಬರೂ ಒಂದೇ ಸಭೆಯವರೇ. ಒಬ್ಬನಿಗೆ ಬಾಗಲು ತೆರೆಯಿತು, ಒಬ್ಬನಿಗೆ ತೆರೆಯಲಿಲ್ಲ. ಯಾಕೆಂದು ವೇದವು ಹೇಳುವದಿಲ್ಲ. ವೇದವು ಹೇಳದ್ದನ್ನು ನಾವೂ ಹೇಳುವದಿಲ್ಲ.

ಆದರೆ ಹೇಳಬಹುದಾದದ್ದು ಒಂದುಂಟು. ಗೆತ್ಸೇಮನೆಯ ತೋಟದಲ್ಲಿ ದೇವರ ಸ್ವಂತ ಮಗನು ನೆಲಕ್ಕೆ ಬಿದ್ದು, ಸಾಧ್ಯವಾದರೆ ಆ ಪಾತ್ರೆಯು ತನ್ನನ್ನು ಬಿಟ್ಟುಹೋಗಲಿ ಎಂದು ಮೂರು ಸಾರಿ ಬೇಡಿದನು. ಪಾತ್ರೆಯು ಹೋಗಲಿಲ್ಲ. ಆತನಲ್ಲಿ ಪಾಪವಿತ್ತೋ? ಇಲ್ಲ. ವಿಶ್ವಾಸ ಕಡಿಮೆಯಾಗಿತ್ತೋ? ಇಲ್ಲ. ತಂದೆಗೆ ಪ್ರೀತಿ ಕಡಿಮೆಯಾಗಿತ್ತೋ? ಎಂದಿಗೂ ಇಲ್ಲ. ಆದರೂ ಆತನು ತಂದೆಯ ಚಿತ್ತಕ್ಕೆ ತನ್ನನ್ನು ಒಪ್ಪಿಸಿ ಎದ್ದನು. ಆ ಒಪ್ಪಿಸುವಿಕೆಯಿಂದ ಲೋಕಕ್ಕೆ ರಕ್ಷಣೆ ಬಂತು. ಆದಕಾರಣ ಮಗುವಿನ ಸಮಾಧಿಯಿಂದ ಮನೆಗೆ ಬಂದ ತಾಯಿಯೇ, ದೇವರು ನಿನ್ನನ್ನು ತಳ್ಳಿಬಿಟ್ಟನೆಂದು ಎಣಿಸಬೇಡ. ಬೇಡಿದ್ದು ದೊರೆಯದ ದಾರಿಯಲ್ಲಿ ನಿನ್ನ ರಕ್ಷಕನು ನಿನಗಿಂತ ಮುಂಚೆ ನಡೆದಿದ್ದಾನೆ. ಆತನು ಈಗ ತಂದೆಯ ಬಲಗಡೆಯಲ್ಲಿದ್ದು ನಿನಗಾಗಿ ಬೇಡುತ್ತಾನೆ. ಆತನ ಹೆಸರಿನಲ್ಲಿ ಬೇಡುವದೆಂದರೆ ಪ್ರಾರ್ಥನೆಯ ಕೊನೆಯಲ್ಲಿ ಒಂದು ಮಾತನ್ನು ಸೇರಿಸುವದಲ್ಲ. ಆತನ ಕೈಹಿಡಿದು ಆತನ ತಂದೆಯ ಮುಂದೆ ನಿಲ್ಲುವದು. ಆ ಕೈ ನಿನ್ನನ್ನು ಬಿಡುವದಿಲ್ಲ. ತಾಯತವು ಕೇಳಲಾರದು, ಅಳಲಾರದು. ಲಾಜರನ ಸಮಾಧಿಯ ಹತ್ತಿರ ಅತ್ತವನು ನಿನ್ನ ಅಳುವನ್ನು ಬಲ್ಲನು.

ಹಾಗಾದರೆ ಪ್ರಿಯರೇ, ಇಂದಿನಿಂದ ಏನು ಮಾಡೋಣ? ಹೊತ್ತಾರೆ ಕೆಲಸಕ್ಕೆ ಹೊರಡುವ ಮುಂಚೆ ಸ್ವಲ್ಪ ಹೊತ್ತು, ಸಂಜೆ ದೀಪ ಹಚ್ಚಿದ ಮೇಲೆ ಮನೆಯವರೆಲ್ಲರೂ ಕೂಡಿ ಸ್ವಲ್ಪ ಹೊತ್ತು, ದೇವರ ಮುಂದೆ ಕೂಡ್ರೋಣ. ದಾನಿಯೇಲನು ಅರಸನ ಆಜ್ಞೆಗೂ ಅಂಜದೆ ದಿನಕ್ಕೆ ಮೂರು ಸಾರಿ ಮೊಣಕಾಲೂರಿದನು. ನಮಗೆ ಎರಡು ಸಾರಿ ಹೆಚ್ಚಲ್ಲ. ಬೇಡುವ ಮುಂಚೆ ಸ್ತೋತ್ರ ಮಾಡೋಣ. ನಮ್ಮನ್ನು ನೋಯಿಸಿದವನ ಹೆಸರನ್ನು ಹೇಳಿ ಅವನಿಗಾಗಿಯೂ ಬೇಡೋಣ. ಬದುವಿನ ಜಗಳವಿದ್ದರೆ ಬರುವ ಭಾನುವಾರಕ್ಕಿಂತ ಮುಂಚೆ ಅಣ್ಣನ ಮನೆಗೆ ಹೋಗೋಣ. ಅವನು ಮೊದಲು ಬರಲಿ ಎಂದು ಕಾಯಬಾರದು. ಆಮೇಲೆ ಮೊಣಕಾಲೂರಿ, ಆಕಾಶವು ಬರಿದಾಗಿದ್ದರೂ ಏಳನೆಯ ಸಾರಿಯ ವರೆಗೆ ಬೇಡೋಣ.

ಪರಲೋಕದ ತಂದೆಯೇ, ನಮಗೆ ಪ್ರಾರ್ಥನೆಯ ಆತ್ಮವನ್ನು ದಯಪಾಲಿಸು. ನಮ್ಮಲ್ಲಿ ಬಿದ್ದಿರುವ ಬಲಿಪೀಠಗಳನ್ನು ತಿರಿಗಿ ಕಟ್ಟಿಸು. ಕೊಡುವಾಗಲೂ ಕೊಡದಿರುವಾಗಲೂ ನೀನು ತಂದೆಯೇ ಎಂಬದನ್ನು ನಮ್ಮ ಹೃದಯಗಳಲ್ಲಿ ಬರೆ. ದುಃಖಿಸುವವರನ್ನು ನಿನ್ನ ಕೈಯಲ್ಲಿಟ್ಟುಕೋ. ನಮ್ಮ ಹೊಲಗಳಿಗೆ ತಕ್ಕ ಕಾಲದಲ್ಲಿ ಮಳೆಯನ್ನೂ ನಮ್ಮ ಸಭೆಗಳಿಗೆ ಸಮಾಧಾನವನ್ನೂ ಅನುಗ್ರಹಿಸು. ಯೇಸು ಕ್ರಿಸ್ತನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.